ಕೊಲೊಸ್ಟಮಿ ಮುಚ್ಚುವ ಶಸ್ತ್ರಚಿಕಿತ್ಸೆಯ ನಂತರದ ಚೇತರಿಕೆ: ರೋಗಿಗಳು ಹಾಗೂ ಕುಟುಂಬದವರ ಮಾಹಿತಿಗಾಗಿ

ದೊಡ್ಡ ಕರುಳಿನ ಕ್ಯಾನ್ಸರ್, ಕರುಳು ತಿರುಚಿಕೊಳ್ಳುವುದು, ಕರುಳಿನ ಗೋಡೆಯಲ್ಲಿ ರಂಧ್ರವಾಗುವುದು, ಅಪಘಾತದ ಗಾಯ ಮುಂತಾದ ಕಾರಣಗಳಿಂದ ದೊಡ್ಡ ಕರುಳಿನ ಒಂದು ಭಾಗವನ್ನು ಹೊಟ್ಟೆಯ ಗೋಡೆಯ ಮೂಲಕ ಹೊರಕ್ಕೆ ತಂದು, ಮಲವು ಚೀಲದಲ್ಲಿ ಸಂಗ್ರಹವಾಗುವಂತೆ ಮಾಡುವುದನ್ನು ಕೊಲೊಸ್ಟಮಿ ಎನ್ನಲಾಗುತ್ತದೆ. ಇದು ತಾತ್ಕಾಲಿಕವಾಗಿದ್ದಲ್ಲಿ, ರೋಗಿಯು ಚೇತರಿಸಿಕೊಂಡ ಬಳಿಕ ಕರುಳನ್ನು ಮರುಜೋಡಿಸಿ ಹೊಟ್ಟೆಯ ಮೇಲಿನ ದ್ವಾರವನ್ನು ಮುಚ್ಚಲಾಗುತ್ತದೆ. ಈ ಎರಡನೆಯ ಶಸ್ತ್ರಚಿಕಿತ್ಸೆಯ ನಂತರ ವಯಸ್ಕ ರೋಗಿಗಳು ಮನೆಯಲ್ಲಿ ಎದುರಿಸುವ ಸ್ಥಿತಿಗಳ ಕುರಿತು ಇಲ್ಲಿ ಮಾಹಿತಿ ನೀಡಲಾಗಿದೆ.

ಚೀಲ ಹೋದೊಡನೆ ಎಲ್ಲವೂ ಮೊದಲಿನಂತಾಗುವುದೆಂಬ ನಿರೀಕ್ಷೆ ಬಹುತೇಕ ರೋಗಿಗಳಲ್ಲಿರುತ್ತದೆ. ವಾಸ್ತವವು ಹಾಗಿರುವುದಿಲ್ಲ. ಹಲವು ತಿಂಗಳು ಕೆಲಸವಿಲ್ಲದೆ ಉಳಿದಿದ್ದ ಗುದನಾಳ ಮತ್ತು ಗುದದ್ವಾರದ ಸ್ನಾಯುಗಳು ತಮ್ಮ ಕಾರ್ಯವನ್ನು ಮತ್ತೆ ರೂಢಿಸಿಕೊಳ್ಳಲು ಕಾಲಾವಕಾಶ ಬೇಕಾಗುತ್ತದೆ. ಈ ಅವಧಿಯಲ್ಲಿ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಹೆಚ್ಚಿನವು ಸಹಜವಾದವು. ಕೆಲವು ಮಾತ್ರ ಪ್ರಾಣಾಪಾಯವನ್ನು ಸೂಚಿಸುತ್ತವೆ. ಸಹಜವಾದುದಕ್ಕೆ ಎದೆಗುಂದುವುದು, ಅಪಾಯಕರವಾದುದನ್ನು ಸಹಜವೆಂದು ಭಾವಿಸಿ ಕಾಯುವುದು, ಇವೆರಡೂ ಹಾನಿಕರ.

ಯಾವಾಗ ಮುಚ್ಚಲಾಗುತ್ತದೆ?

ಸಾಮಾನ್ಯವಾಗಿ ಮೊದಲ ಶಸ್ತ್ರಚಿಕಿತ್ಸೆಯಾದ ಮೂರು ತಿಂಗಳ ನಂತರ, ಉರಿಯೂತ ಇಳಿದು ರೋಗಿಯ ತೂಕ ಹಾಗೂ ರಕ್ತದ ಪ್ರಮಾಣ ಸುಧಾರಿಸಿದ ಮೇಲೆ ಮರುಜೋಡಣೆಯನ್ನು ಪರಿಗಣಿಸಲಾಗುತ್ತದೆ. ಕ್ಯಾನ್ಸರ್ ರೋಗಿಗಳಲ್ಲಿ ಕಿಮೋಥೆರಪಿ ಮುಗಿಯುವವರೆಗೆ ಕಾಯಬೇಕಾಗಬಹುದು. ಕರುಳಿನ ಕುಣಿಕೆಯನ್ನಷ್ಟೇ ಹೊರತಂದಿದ್ದಲ್ಲಿ ಅದನ್ನು ಮುಚ್ಚುವುದು ಅಷ್ಟೊಂದು ದೊಡ್ಡ ಕೆಲಸವಲ್ಲ. ಆದರೆ ಫ್ರಾನ್ಸಿನ ಶಸ್ತ್ರವೈದ್ಯ ಆನ್ರಿ ಹಾರ್ಟ್‌ಮನ್ ಅವರು 1921ರಲ್ಲಿ ವಿವರಿಸಿದ ವಿಧಾನದಲ್ಲಿ ಕರುಳಿನ ಕೆಳತುದಿಯನ್ನು ಹೊಲಿದು ಹೊಟ್ಟೆಯೊಳಗೇ ಬಿಡಲಾಗಿರುತ್ತದೆ. ಅದನ್ನು ಹುಡುಕಿ ಜೋಡಿಸುವುದು ಮತ್ತೊಂದು ದೊಡ್ಡ ಶಸ್ತ್ರಚಿಕಿತ್ಸೆಯೇ ಆಗಿದ್ದು, ಚೇತರಿಕೆಯೂ ನಿಧಾನ. ಹೃದಯ, ಶ್ವಾಸಕೋಶ ಅಥವಾ ಗುದದ್ವಾರದ ಸ್ನಾಯು ದುರ್ಬಲವಾಗಿರುವವರಿಗೆ ಚೀಲದೊಂದಿಗೇ ಮುಂದುವರಿಯುವಂತೆ ವೈದ್ಯರು ಸಲಹೆ ನೀಡಬಹುದು. ಅದನ್ನು ಚಿಕಿತ್ಸೆಯ ನಿರಾಕರಣೆ ಎಂದು ತಿಳಿಯಬಾರದು.

ಆಸ್ಪತ್ರೆಯಲ್ಲಿ

ಬಹುತೇಕ ರೋಗಿಗಳು ಐದರಿಂದ ಹತ್ತು ದಿನಗಳವರೆಗೆ ಆಸ್ಪತ್ರೆಯಲ್ಲಿರಬೇಕಾಗುತ್ತದೆ. ಮರುದಿನವೇ ಎದ್ದು ಕುಳಿತುಕೊಳ್ಳಲು, ನಾಲ್ಕು ಹೆಜ್ಜೆ ನಡೆಯಲು ಸಿಬ್ಬಂದಿಯು ತಿಳಿಸುತ್ತಾರೆ. ನೋವಿರುವಾಗ ನಡೆಸುವುದು ನಿರ್ದಯವೆಂದು ಮನೆಯವರಿಗೆ ಅನಿಸಬಹುದು. ಆದರೆ ನಡಿಗೆಯಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಹಾಗೂ ಕಫ ಕಟ್ಟುವುದು ತಪ್ಪುತ್ತದೆ, ಕರುಳು ಬೇಗನೆ ಚಲನೆಗೆ ಬರುತ್ತದೆ. ವಾಯು ಹೊರಹೋಗುವುದು ಒಳ್ಳೆಯ ಸೂಚನೆ. ಮೊದಲ ಮಲವಿಸರ್ಜನೆಯು ತೆಳುವಾಗಿದ್ದು, ಅದರಲ್ಲಿ ಲೋಳೆ ಅಥವಾ ಸ್ವಲ್ಪ ಹಳೆಯ ರಕ್ತ ಕಾಣಿಸಬಹುದು.

ತಡಮಾಡಬಾರದ ಲಕ್ಷಣಗಳು

ಕರುಳಿನ ಜೋಡಣೆಯು ಬಿಟ್ಟುಕೊಂಡು ಮಲವು ಹೊಟ್ಟೆಯೊಳಗೆ ಸೋರುವುದು ಈ ಶಸ್ತ್ರಚಿಕಿತ್ಸೆಯ ಅತ್ಯಂತ ಗಂಭೀರ ತೊಡಕು. ಇದು ಎಲ್ಲರಿಗೂ ಆಗುವಂಥದ್ದಲ್ಲ. ಆದರೆ ಆದಾಗ ಬಹಳಮಟ್ಟಿಗೆ ಮೊದಲ ಎರಡು ವಾರಗಳಲ್ಲಿಯೇ ಆಗುತ್ತದೆ, ಮತ್ತು ಅಷ್ಟರಲ್ಲಿ ರೋಗಿಯು ಮನೆಗೆ ಮರಳಿರುವ ಸಾಧ್ಯತೆಯಿರುತ್ತದೆ. ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದ ಹೊಟ್ಟೆನೋವು ಮತ್ತೆ ಏರುವುದು, ಚಳಿ ಜ್ವರ, ಹೊಟ್ಟೆ ಉಬ್ಬಿ ಗಟ್ಟಿಯಾಗುವುದು, ನಿಲ್ಲದ ವಾಂತಿ, ಎದೆಬಡಿತ ಹೆಚ್ಚುವುದು, ವಾಯು ಮತ್ತು ಮಲ ಎರಡೂ ನಿಂತುಹೋಗುವುದು, ಗಾಯದಿಂದ ಮಲದಂತಹ ದ್ರವ ಒಸರುವುದು, ಗುದದ್ವಾರದಿಂದ ಹೆಚ್ಚಿನ ರಕ್ತಸ್ರಾವ: ಇವುಗಳಲ್ಲಿ ಯಾವುದೇ ಒಂದು ಕಂಡುಬಂದರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು. ವಯಸ್ಸಾದವರಲ್ಲಿ ಹಾಗೂ ಮಧುಮೇಹ ಇರುವವರಲ್ಲಿ ಜ್ವರವಿಲ್ಲದೆ ಕೇವಲ ಮಂಕು, ಸುಸ್ತು ಕಾಣಿಸಿಕೊಳ್ಳುವುದೂ ಉಂಟು.

ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಡುವುದರಿಂದ ಲಕ್ಷಣಗಳು ಮರೆಯಾಗಿ ಅಮೂಲ್ಯ ಸಮಯ ಕಳೆದುಹೋಗುತ್ತದೆ. ಇಂತಹ ಸಂದರ್ಭದಲ್ಲಿ ರೋಗಿಗೆ ಆಹಾರ ನೀಡದೆ, 108 ಆಂಬುಲೆನ್ಸ್ ಸೇವೆಯನ್ನು ಪಡೆದು, ಸಾಧ್ಯವಿದ್ದಲ್ಲಿ ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಗೇ ಕರೆದೊಯ್ಯುವುದು ಉತ್ತಮ. ಅದು ದೂರವಿದ್ದಲ್ಲಿ ಶಸ್ತ್ರಚಿಕಿತ್ಸಾ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆಗೆ ಹೋಗಬಹುದು. ಬಿಡುಗಡೆ ಪತ್ರ (ಡಿಸ್ಚಾರ್ಜ್ ಸಮ್ಮರಿ) ಜೊತೆಯಲ್ಲಿರಬೇಕು. ಒಂದೇ ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು, ಅಥವಾ ಹಠಾತ್ ಉಸಿರಾಟದ ತೊಂದರೆ ಕಂಡುಬಂದರೂ ಇದೇ ಕ್ರಮ ಅನ್ವಯಿಸುತ್ತದೆ.

ಮಲಬದ್ಧತೆಯೆಂದು ಭಾವಿಸಿ ಹರಳೆಣ್ಣೆ ಕುಡಿಸುವುದು, ಎನಿಮಾ ಅಥವಾ ಬಸ್ತಿ ಕೊಡಿಸುವುದು ಕೆಲವೆಡೆ ರೂಢಿಯಲ್ಲಿದೆ. ಹೊಸ ಜೋಡಣೆಯ ಮೇಲೆ ಇದರ ಒತ್ತಡ ಬಿದ್ದರೆ ಪರಿಣಾಮ ಘೋರವಾಗಬಹುದು. ಶಸ್ತ್ರವೈದ್ಯರ ಅನುಮತಿಯಿಲ್ಲದೆ ಗುದದ್ವಾರದ ಮೂಲಕ ಯಾವುದೇ ಔಷಧವನ್ನು ನೀಡಲೇಬಾರದು.

ಮಲವಿಸರ್ಜನೆಯ ವ್ಯತ್ಯಾಸಗಳು

ರೋಗಿಗಳನ್ನು ಹೆಚ್ಚು ಕಂಗೆಡಿಸುವುದು ಇದೇ ವಿಷಯ, ಮತ್ತು ಅವರು ಬಾಯಿಬಿಟ್ಟು ಹೇಳಲು ಹಿಂಜರಿಯುವುದೂ ಇದನ್ನೇ. ಮೊದಲ ವಾರಗಳಲ್ಲಿ ದಿನಕ್ಕೆ ಹಲವು ಬಾರಿ ಶೌಚಕ್ಕೆ ಹೋಗಬೇಕಾಗಬಹುದು. ಒಮ್ಮೆ ಹೋಗಿ ಬಂದ ಅರ್ಧ ಗಂಟೆಯೊಳಗೆ ಮತ್ತೆ ಮತ್ತೆ ಹೋಗಬೇಕೆನಿಸುವುದು, ಅವಸರವಾದಾಗ ತಡೆದುಕೊಳ್ಳಲಾಗದಿರುವುದು, ವಾಯುವೋ ಮಲವೋ ಎಂದು ತಿಳಿಯದಿರುವುದು, ಬಟ್ಟೆಗೆ ಸ್ವಲ್ಪ ಸೋರುವುದು, ಇವೆಲ್ಲ ಕಂಡುಬರುತ್ತವೆ. ಗುದನಾಳದ ಭಾಗವನ್ನೇ ತೆಗೆದಿರುವವರಲ್ಲಿ ಈ ತೊಂದರೆ ಹೆಚ್ಚು. ಮಲವನ್ನು ಶೇಖರಿಸಿಟ್ಟುಕೊಳ್ಳುವ ಜಾಗವೇ ಕಿರಿದಾಗಿರುವುದು ಇದಕ್ಕೆ ಕಾರಣ. ವೈದ್ಯರು ಇದನ್ನು ಲೋ ಆಂಟೀರಿಯರ್ ರಿಸೆಕ್ಷನ್ ಸಿಂಡ್ರೋಮ್ ಎಂದು ಕರೆಯುತ್ತಾರೆ. ಇದರ ತೀವ್ರತೆಯನ್ನು ಅಳೆಯಲು ಡೆನ್ಮಾರ್ಕಿನ ವೈದ್ಯರು ರೂಪಿಸಿ 2012ರಲ್ಲಿ ಪ್ರಕಟಿಸಿದ ಐದು ಪ್ರಶ್ನೆಗಳ ಪಟ್ಟಿಯು ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಅರ್ಥಾತ್, ಇದು ರೋಗಿಯ ಮನೋಭ್ರಮೆಯಲ್ಲ, ಶಸ್ತ್ರಚಿಕಿತ್ಸೆ ವಿಫಲವಾಯಿತೆಂಬುದರ ಗುರುತೂ ಅಲ್ಲ.

ಸುಧಾರಣೆಯು ತಿಂಗಳುಗಳ ಲೆಕ್ಕದಲ್ಲಿ ಆಗುತ್ತದೆ. ಮೊದಲ ಆರು ತಿಂಗಳಲ್ಲಿ ಗಣನೀಯ ಬದಲಾವಣೆ ಕಾಣುವವರು ಹೆಚ್ಚು. ಕೆಲವರಲ್ಲಿ ಒಂದರಿಂದ ಎರಡು ವರ್ಷಗಳವರೆಗೂ ಸುಧಾರಣೆ ಮುಂದುವರಿಯುತ್ತದೆ. ಕೆಲವರಿಗೆ ಅಲ್ಪಸ್ವಲ್ಪ ತೊಂದರೆ ಉಳಿಯುವುದೂ ಉಂಟು. ಮೂತ್ರ ಮತ್ತು ವಾಯುವನ್ನು ತಡೆಯುವಂತೆ ಗುದದ್ವಾರದ ಸುತ್ತಲಿನ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮವನ್ನು ವೈದ್ಯರು ಸೂಚಿಸಿದ ದಿನದಿಂದ ನಿತ್ಯವೂ ಮಾಡುವುದರಿಂದ ಹಿಡಿತ ಉತ್ತಮಗೊಳ್ಳುತ್ತದೆ. ಮಲವನ್ನು ಗಟ್ಟಿಗೊಳಿಸುವ ಲೋಪೆರಮೈಡ್ ಮಾತ್ರೆ ಅಥವಾ ಇಸಬ್ಗೋಲನ್ನು ವೈದ್ಯರ ಸಲಹೆಯ ಮೇರೆಗೆ ಮಾತ್ರ ಬಳಸಬೇಕು. ಜ್ವರ ಅಥವಾ ಹೊಟ್ಟೆ ಉಬ್ಬರವಿರುವಾಗ ಲೋಪೆರಮೈಡ್ ಸೇವಿಸಬಾರದು.

ಪದೇ ಪದೇ ಶೌಚಕ್ಕೆ ಹೋಗುವುದರಿಂದ ಗುದದ್ವಾರದ ಸುತ್ತ ಚರ್ಮ ಕೆಂಪಾಗಿ ಉರಿಯುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಉಜ್ಜದೆ, ಮೃದುವಾದ ಹಳೆಯ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ, ಜಿಂಕ್ ಆಕ್ಸೈಡ್ ಇರುವ ಮುಲಾಮು ಅಥವಾ ವ್ಯಾಸಲೀನ್ ತೆಳುವಾಗಿ ಹಚ್ಚಿದರೆ ಸಾಕು.

ಆಹಾರ

ಮೊದಲ ಕೆಲವು ವಾರ ಸುಲಭವಾಗಿ ಜೀರ್ಣವಾಗುವ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಐದಾರು ಬಾರಿ ಸೇವಿಸುವುದು ಒಳ್ಳೆಯದು. ಗಂಜಿ, ಮೆತ್ತನೆಯ ಅನ್ನ, ಇಡ್ಲಿ, ತಿಳಿಸಾರು, ಮೊಸರು, ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಸಾಮಾನ್ಯವಾಗಿ ಹಿಡಿಸುತ್ತವೆ. ಹಸಿ ತರಕಾರಿ, ಇಡಿ ಕಾಳು, ಅವರೆ, ಹುರುಳಿ, ಎಲೆಕೋಸು, ಮೆಣಸಿನಕಾಯಿಯ ಖಾರ ಮತ್ತು ಕರಿದ ತಿಂಡಿಗಳನ್ನು ಸದ್ಯಕ್ಕೆ ಬಿಡುವುದು ಲೇಸು. ಅಗಿಯದೆ ನುಂಗುವ ರಾಗಿಮುದ್ದೆ, ಉತ್ತರ ಕರ್ನಾಟಕದ ಕಟಕ್ ರೊಟ್ಟಿ, ಇವುಗಳಿಗೂ ಒಂದೂವರೆ ತಿಂಗಳ ಬಿಡುವು ಇರಲಿ. ಬಳಿಕ ಒಂದೊಂದೇ ಪದಾರ್ಥವನ್ನು ಸೇರಿಸುತ್ತ ಹೋದರೆ ಯಾವುದು ಒಗ್ಗುವುದಿಲ್ಲವೆಂಬುದು ರೋಗಿಗೇ ತಿಳಿಯುತ್ತದೆ. ಶೌಚಕ್ಕೆ ಹೋಗಬೇಕಾಗುತ್ತದೆಂಬ ಭಯದಿಂದ ಊಟವನ್ನೇ ಬಿಡುವ ರೋಗಿಗಳಿದ್ದಾರೆ. ಇದರಿಂದ ಗಾಯ ಮಾಯುವುದು ತಡವಾಗುತ್ತದೆಯೇ ಹೊರತು ಬೇರೆ ಪ್ರಯೋಜನವಿಲ್ಲ. ಭೇದಿ ಹೆಚ್ಚಿದ್ದಲ್ಲಿ ಓಆರ್‌ಎಸ್ ದ್ರಾವಣ ಕುಡಿಯತಕ್ಕದ್ದು.

ಗಾಯ ಮತ್ತು ದುಡಿಮೆ

ಚೀಲವಿದ್ದ ಜಾಗದ ಗಾಯವನ್ನು ಸೋಂಕು ತಪ್ಪಿಸಲು ಕೆಲವೊಮ್ಮೆ ಪೂರ್ತಿ ಹೊಲಿಯದೆ ಬಿಡಲಾಗುತ್ತದೆ. ಅದು ಒಳಗಿನಿಂದ ತುಂಬಿಕೊಂಡು ಬರಲು ಕೆಲವು ವಾರಗಳು ಹಿಡಿಯುತ್ತವೆ. ಡ್ರೆಸ್ಸಿಂಗ್ ಬದಲಾಯಿಸಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬಹುದಾಗಿದೆ. ಗಾಯಕ್ಕೆ ಅರಿಶಿನ, ಬೂದಿ, ಸೊಪ್ಪಿನ ರಸ ಹಾಕಬಾರದು.

ಹೊಟ್ಟೆಯ ಗೋಡೆಯು ಈ ಜಾಗದಲ್ಲಿ ದುರ್ಬಲವಾಗಿರುವುದರಿಂದ ಹರ್ನಿಯಾ ಆಗುವುದು ಅಪರೂಪವೇನಲ್ಲ. ಆದಕಾರಣ ಕನಿಷ್ಠ ಆರರಿಂದ ಎಂಟು ವಾರ ಐದು ಕಿಲೋಗಿಂತ ಹೆಚ್ಚಿನ ಭಾರ ಎತ್ತಬಾರದು. ನೀರು ತುಂಬಿದ ಕೊಡ, ಹುಲ್ಲಿನ ಹೊರೆ, ಅಡುಗೆ ಅನಿಲದ ಸಿಲಿಂಡರ್, ಎತ್ತಿಕೊಳ್ಳೆಂದು ಹಟ ಮಾಡುವ ಮಗು, ಎಲ್ಲವೂ ಈ ಮಿತಿಯನ್ನು ಮೀರುತ್ತವೆ. ಮನೆಗೆಲಸದ ಭಾರ ಹೊತ್ತ ಮಹಿಳೆಯರಿಗೆ ಈ ವಿಶ್ರಾಂತಿ ದೊರೆಯುವುದು ಕುಟುಂಬದವರ ಸಹಕಾರದಿಂದ ಮಾತ್ರ ಸಾಧ್ಯ. ಕುಳಿತು ಮಾಡುವ ಕೆಲಸಕ್ಕೆ ನಾಲ್ಕರಿಂದ ಆರು ವಾರಗಳಲ್ಲಿ ಮರಳಬಹುದು. ಕೃಷಿ, ಕಟ್ಟಡ ಮತ್ತು ಹಮಾಲಿ ಕೆಲಸಕ್ಕೆ ಸುಮಾರು ಮೂರು ತಿಂಗಳು ಬೇಕಾಗಬಹುದು. ವೈದ್ಯಕೀಯ ರಜೆ ಕೋರುವ ನೌಕರರು ಬಿಡುಗಡೆಯ ದಿನವೇ ಪ್ರಮಾಣಪತ್ರವನ್ನು ಕೇಳಿ ಪಡೆಯುವುದು ಸೂಕ್ತ.

ಯೋಜನೆಯ ನೆರವು ಮತ್ತು ದಾಖಲೆಗಳು

ಕರ್ನಾಟಕದಲ್ಲಿ 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಅರ್ಹ ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ಸೌಲಭ್ಯವಿದೆ. ತುರ್ತು ಸಂದರ್ಭದ ಮೊದಲ ಶಸ್ತ್ರಚಿಕಿತ್ಸೆಗೆ ಶಿಫಾರಸು ಪತ್ರ ಬೇಕಿರದಿದ್ದರೂ, ಮರುಜೋಡಣೆಯು ಮುಂಚಿತವಾಗಿ ನಿಗದಿಪಡಿಸಿ ನಡೆಸುವಂಥದ್ದು. ಆದ್ದರಿಂದ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಶಿಫಾರಸು ಪತ್ರದ ಅಗತ್ಯವಿದೆಯೇ ಹಾಗೂ ಆಸ್ಪತ್ರೆಯು ನೋಂದಾಯಿತವಾಗಿದೆಯೇ ಎಂಬುದನ್ನು ಆರೋಗ್ಯ ಮಿತ್ರರಿಂದ ಖಚಿತಪಡಿಸಿಕೊಳ್ಳತಕ್ಕದ್ದು. ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆಯ ನಿಯಮದಂತೆ ಬಿಡುಗಡೆಯ ನಂತರದ 15 ದಿನಗಳ ಅನುಸರಣಾ ಚಿಕಿತ್ಸೆಯೂ ಇದರಲ್ಲಿ ಸೇರಿದೆ. ಸಹಾಯವಾಣಿ ಸಂಖ್ಯೆ 14555.

ಆಧಾರ್ ಹಾಗೂ ಪಡಿತರ ಚೀಟಿಯ ಜೊತೆಗೆ ಮೊದಲ ಶಸ್ತ್ರಚಿಕಿತ್ಸೆಯ ಬಿಡುಗಡೆ ಪತ್ರ, ಆಪರೇಷನ್ ಟಿಪ್ಪಣಿ ಮತ್ತು ಬಯಾಪ್ಸಿ ವರದಿಯನ್ನು ಜೋಪಾನವಾಗಿಡಬೇಕು. ಕರುಳಿನ ಎಷ್ಟು ಭಾಗ ಉಳಿದಿದೆ, ಕೆಳತುದಿ ಎಲ್ಲಿದೆ ಎಂಬುದು ಆ ಟಿಪ್ಪಣಿಯಿಂದಲೇ ಎರಡನೆಯ ಶಸ್ತ್ರವೈದ್ಯರಿಗೆ ತಿಳಿಯಬೇಕು. ಕ್ಯಾನ್ಸರಿನ ಕಾರಣದಿಂದ ಶಸ್ತ್ರಚಿಕಿತ್ಸೆಗೊಳಗಾದವರು ಚೀಲ ಹೋದ ಬಳಿಕವೂ ವೈದ್ಯರು ನಿಗದಿಪಡಿಸಿದ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮತ್ತು ಕೊಲೊನೊಸ್ಕೋಪಿಗೆ ತಪ್ಪದೆ ಹಾಜರಾಗತಕ್ಕದ್ದು.