ಕಣ್ಣು ಕುಕ್ಕದ ಹಸಿರು ಹಾವು

ಬೇಲಿಯ ಬಳ್ಳಿಯೊಂದು ತಾನಾಗಿ ಅಲುಗಿದ್ದು ಕಂಡು ಬೆಚ್ಚಿದ್ದೀರಾ? ಅದು ಹಸಿರು ಹಾವಾಗಿದ್ದೀತು. ಹಾರಿ ಬಂದು ಕಣ್ಣು ಕುಕ್ಕುತ್ತದೆಂಬ ಭಯದಿಂದ ಇದನ್ನು ಹೊಡೆದು ಕೊಲ್ಲುವವರುಂಟು. ಇದರ ಕುಲನಾಮ 'ಅಹೇಟುಲ್ಲಾ' ಕೂಡ 'ಕಣ್ಣು ಕೀಳುವುದು' ಎಂಬರ್ಥದ ಸಿಂಹಳ ಪದದಿಂದಲೇ ಬಂದದ್ದು. ಕೆಣಕಿದರೆ ಬಾಯ್ತೆರೆದು ಎರಗೀತೇ ಹೊರತು, ಕಣ್ಣನ್ನೇ ಹುಡುಕಿಕೊಂಡು ಬರುವುದಿಲ್ಲ. ಓತಿಕ್ಯಾತ, ಕಪ್ಪೆಗಳು ಇದರ ಆಹಾರ. ಅಡ್ಡಲಾಗಿ ಸೀಳಿದಂತಿರುವ ಕಣ್ಣುಪಾಪೆಗಳು ಬೇಟೆಯ ದೂರವನ್ನು ಅಳೆಯಲು ನೆರವಾಗುತ್ತವೆ. ವಿಷದ ಹಲ್ಲುಗಳಿರುವುದು ಬಾಯಿಯ ಹಿಂಭಾಗದಲ್ಲಿ. ಆ ಸೌಮ್ಯ ವಿಷದಿಂದ ಮನುಷ್ಯರಿಗೆ ಸಾಮಾನ್ಯವಾಗಿ ನೋವು, ಊತವಷ್ಟೇ. ಇದು ಮೊಟ್ಟೆಯಿಡದೆ ಮರಿ ಹಾಕುತ್ತದೆ. ಕಂಡಾಗ ಕೋಲನ್ನೂ ಎತ್ತಬೇಡಿ, ಕೈಯನ್ನೂ ಹಾಕಬೇಡಿ; ಎರಡು ಹೆಜ್ಜೆ ಹಿಂದೆ ಸರಿಯಿರಿ. ಆದರೆ ಯಾವುದೇ ಹಾವು ಕಚ್ಚಿದರೂ ತಡಮಾಡದೆ ಆಸ್ಪತ್ರೆಗೆ ಹೋಗಿ.