ಅಂಗಡಿ ಹುಡುಗನ ಪಗಾರ, ಮೊಬೈಲಿನ ರೇಟು

ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನ ಕಡೆ ಹೊಸ ಮೊಬೈಲೋ ಟಿವಿಯೋ ಕೊಳ್ಳುವ ಮಾತು ಬಂದರೆ ಈ ದೂರು ಕೇಳಿಬರುತ್ತದೆ: “ಅಂಗಡ್ಯಾಗ ತುಟ್ಟಿ. ಕೆಲಸದ ಹುಡುಗರ ಪಗಾರ ಎಲ್ಲಾ ನಮ್ಮ ಮ್ಯಾಲೇ ಹಾಕ್ತಾರ.” ಈ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ.

ಹತ್ತು ಸಾವಿರದ ಮೊಬೈಲನ್ನೇ ನೋಡಿ. 2020ರ ಏಪ್ರಿಲ್ 1ರಿಂದ ಮೊಬೈಲಿಗೆ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿತು. ಆ ಹತ್ತು ಸಾವಿರದಲ್ಲಿ ತೆರಿಗೆಯೇ ಸುಮಾರು 1,525 ರೂಪಾಯಿ. ಇನ್ನು ಪಗಾರ. ತಿಂಗಳಿಗೆ 12,000 ರೂಪಾಯಿ ಪಡೆಯುವ ಹುಡುಗ 60 ಮೊಬೈಲ್ ಮಾರಿದ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಒಂದರ ಮೇಲೆ ಬೀಳುವುದು 200 ರೂಪಾಯಿ. ಮಾರಾಟ ಅರ್ಧಕ್ಕಿಳಿದರೆ ಅದೇ ಪಗಾರ 400 ಆಗುತ್ತದೆ. ಗೋವಿನಜೋಳದ ರೊಕ್ಕ ಕೈಸೇರುವ ತಿಂಗಳಿನ ವ್ಯಾಪಾರ ಬೇರೆ, ಬಿತ್ತನೆ ಹೊತ್ತಿನ ವ್ಯಾಪಾರ ಬೇರೆ. ಪಗಾರ ಎರಡಕ್ಕೂ ಒಂದೇ. ಅಂಗಡಿಯನ್ನು ಕಾಡುವುದು ಹುಡುಗನ ದುಡಿಮೆಯ ಬೆಲೆಯಲ್ಲ, ಗಿರಾಕಿ ಬಾರದ ದಿನಗಳು. ಇನ್ನು ಟಿವಿಯ ಮಾತಿಗೆ ಬಂದರೆ, 2025ರ ಸೆಪ್ಟೆಂಬರ್ 22ರಂದು 32 ಇಂಚಿಗಿಂತ ದೊಡ್ಡ ಟಿವಿಯ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು. 40,000 ರೂಪಾಯಿಯ ಟಿವಿಗೆ ಅದು 3,125 ರೂಪಾಯಿ ಇಳಿಕೆ. ಯಾವ ಹುಡುಗನ ಪಗಾರ ಕತ್ತರಿಸಿದರೂ ಒಂದು ಟಿವಿಯ ಮೇಲೆ ಅಷ್ಟು ಉಳಿಯದು.

ಆನ್‌ಲೈನಿನಲ್ಲಿ ಕೊಂಡರೆ ಆಳುಗಳ ಖರ್ಚೇ ಇಲ್ಲ ಎನ್ನುವುದೂ ತಪ್ಪು. ಗೋದಾಮಿನಲ್ಲಿ ಪ್ಯಾಕ್ ಮಾಡುವವರು, ಲಾರಿ ಓಡಿಸುವವರು, ತಾಲ್ಲೂಕಿನ ಹಳ್ಳಿಹಳ್ಳಿಗೆ ಬೈಕಿನಲ್ಲಿ ಡಬ್ಬಿ ತರುವವರು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಇವರಲ್ಲಿ ಆ್ಯಪ್ ಮೂಲಕ ಬಿಡಿಬಿಡಿ ಕೆಲಸ ಮಾಡುವವರಿಗಾಗಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾನೂನು ತಂದು, ಅವರಿಗೆ ಸಲ್ಲುವ ಹಣದ ಶೇ 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ಶುಲ್ಕವಾಗಿ ಕಟ್ಟಬೇಕೆಂದಿತು.

ಪಗಾರ ಕಡಿಮೆ ಮಾಡಿದರೆ ಅಂಗಡಿ ಉಳಿಯುತ್ತದೆ ಎಂದು ಮಾಲೀಕರೂ ನಂಬುವುದುಂಟು. ಅಮೆರಿಕದ ಸರ್ಕಿಟ್ ಸಿಟಿ ಎಂಬ ದೊಡ್ಡ ಎಲೆಕ್ಟ್ರಾನಿಕ್ಸ್ ಮಳಿಗೆಗಳ ಕಂಪನಿ 2007ರ ಮಾರ್ಚ್‌ನಲ್ಲಿ ಹೆಚ್ಚು ಪಗಾರದ ಸುಮಾರು 3,400 ಮಂದಿಯನ್ನು ತೆಗೆದು, ಕಡಿಮೆ ಪಗಾರಕ್ಕೆ ಹೊಸಬರನ್ನು ತೆಗೆದುಕೊಳ್ಳಲು ಹೊರಟಿತು. ಸರಕು ಬಲ್ಲವರೇ ಹೊರಗೆ ಹೋದರು. 2008ರ ನವೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು, ಮರುವರ್ಷ ಮಳಿಗೆಗಳೆಲ್ಲ ಮುಚ್ಚಿದವು. ಅದೊಂದೇ ಕಾರಣವಲ್ಲ. ಆದರೆ ಪಗಾರದ ಉಳಿತಾಯ ಕಂಪನಿಯನ್ನು ಕಾಪಾಡಲಿಲ್ಲ.

ನನಗೆ ಹೆಚ್ಚು ನೋವು ತರುವುದು ರಿಪೇರಿಯವರ ಮೇಲಿನ ದೂರು: “ಸಾಮಾನು ಸೋವಿ ಆಗ್ಯಾವ, ಇವ್ರ ಕೂಲಿ ಮಾತ್ರ ಏರಾಕತ್ತೇತಿ.” ಏರಿದ್ದು ನಿಜ, ಕಾರಣ ದುರಾಸೆಯಲ್ಲ. ನಮ್ಮ ದೇಶಕ್ಕೆ ಬಣ್ಣದ ಟಿವಿ ಬಂದ 1982ರಿಂದ ಈಚೆಗೆ ಕಾರ್ಖಾನೆಯಲ್ಲಿ ಯಂತ್ರಗಳು ಕೆಲಸವನ್ನು ಚುರುಕು ಮಾಡುತ್ತಲೇ ಬಂದಿವೆ. ರಿಪೇರಿಯವನು ಮಾತ್ರ ಇಂದಿಗೂ ಒಂದೊಂದೇ ಟಿವಿಯ ಬೆನ್ನು ಬಿಚ್ಚಿ, ಮೀಟರ್ ಹಿಡಿದು, ದೋಷ ಹುಡುಕಿ ಬೆಸುಗೆ ಹಾಕಬೇಕು. ಆ ಕೆಲಸಕ್ಕೆ ಹಿಡಿಯುವ ಹೊತ್ತನ್ನು ಯಂತ್ರ ಕುಗ್ಗಿಸಿಲ್ಲ. ಅವನ ಮನೆಯ ಅಕ್ಕಿ ಬೇಳೆ, ಮಕ್ಕಳ ಫೀಸು ಮಾತ್ರ ಇಂದಿನ ರೇಟಿನವು. ವಿಲಿಯಂ ಬೌಮೊಲ್ ಮತ್ತು ವಿಲಿಯಂ ಬೋವನ್ ಎಂಬ ಅರ್ಥಶಾಸ್ತ್ರಜ್ಞರು 1966ರಲ್ಲಿ ಸಂಗೀತ, ನಾಟಕಗಳ ಖರ್ಚನ್ನು ಇಟ್ಟುಕೊಂಡು ವಿವರಿಸಿದ್ದು ಇದನ್ನೇ. ಮುಂದಿನ ಸಲ ಬಿಲ್ಲಿನಲ್ಲಿ ಬಿಡಿಭಾಗದ ಬೆಲೆಯನ್ನೂ ಕೂಲಿಯನ್ನೂ ಬೇರೆಬೇರೆ ಬರೆಸಿ ನೋಡಿ. ಎಲ್‌ಇಡಿ ಟಿವಿಯ ಪ್ಯಾನೆಲ್ ಹೋಗಿದ್ದರೆ ಬಿಲ್ಲಿನ ಬಹುಪಾಲು ಪ್ಯಾನೆಲ್ಲಿನದೇ ಆಗಿರುತ್ತದೆ.