ನಿಮಗಿದು ಗೊತ್ತೇ? ಹಳೆ ಕಾರಿನ ಮುಂಗಾಲು, ಬ್ರೇಕು

ಕಾರನ್ನು ಒಮ್ಮೆ ನಿಲ್ಲಿಸಿದರೆ ಒಂದು ಲೀಟರ್ ನೀರು ಕುದಿಸಬಹುದು! 800 ಕಿಲೋ ತೂಕದ ಪುಟ್ಟ ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲುವಾಗ ಸುಮಾರು 309 ಕಿಲೋಜೂಲ್ ಶಕ್ತಿ ಶಾಖವಾಗುತ್ತದೆ. ಕೊಡದ ನೀರು ಒಂದು ಲೀಟರ್ ಕುದಿಯ ಹಂತಕ್ಕೆ ಬರಲು ಇಷ್ಟೇ ಬೇಕು. ಅದೇ ಕಾರು 50ರ ವೇಗದಲ್ಲಿದ್ದರೆ? ಅರ್ಧ ಲೀಟರ್ ಅಲ್ಲ, ಕಾಲು ಲೀಟರ್. ವೇಗ ಎರಡು ಪಟ್ಟಾದರೆ ಬ್ರೇಕಿನ ಕೆಲಸ ನಾಲ್ಕು ಪಟ್ಟಾಗುತ್ತದೆ. ಹಳೆ ಕಾರಿಗೆ ದೊಡ್ಡ ಎಂಜಿನ್ ಕೂರಿಸುವ ಆಸೆಯುಳ್ಳವರು ಮೊದಲು ಈ ಲೆಕ್ಕ ಹಾಕಬೇಕು. ಕೈಯಲ್ಲಿರುವ ಮೊದಲ ಹಣ ಬ್ರೇಕಿಗೆ, ಮುಂಗಾಲಿಗೆ (ಅಂದರೆ ಮುಂದಿನ ಸಸ್ಪೆನ್ಷನ್ನಿಗೆ) ಹೋಗಲಿ; ಎಂಜಿನ್ ಸರದಿ ಆಮೇಲೆ.

ಮುಂಗಾಲೇ ಏಕೆ? ಬ್ರೇಕ್ ಒತ್ತಿದಾಗ ಕಾರು ಮೂಗು ಬಗ್ಗಿಸುತ್ತದೆ, ಭಾರ ಮುಂದಿನ ಗಾಲಿಗಳ ಮೇಲೆ ಬೀಳುತ್ತದೆ, ಹಿಂದಿನವು ಹಗುರಾಗುತ್ತವೆ. ಆದ್ದರಿಂದ ಕಾರನ್ನು ನಿಲ್ಲಿಸುವ ಕೆಲಸದಲ್ಲಿ ಹೆಚ್ಚು ಪಾಲು ಮುಂದಿನ ಎರಡು ಗಾಲಿಗಳದೇ.

ನಾಲ್ಕು ಇಂಚಿಗಾಗಿ ಕಾರನ್ನೇ ಸೀಳಿದ ಕಥೆ ಕೇಳಿದ್ದೀರಾ? 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನಕ್ಕೆ ಬಂದ ಮಾರಿಸ್ ಮೈನರ್ ಕಾರಿನ ವಿನ್ಯಾಸಕ ಅಲೆಕ್ ಇಸಿಗೋನಿಸ್. ಮಾದರಿ ಕಾರು ಸಿದ್ಧವಾದ ಮೇಲೆ ಅದು ತೀರಾ ಇಕ್ಕಟ್ಟು ಅನಿಸಿತು. ಉದ್ದಕ್ಕೆ ಎರಡು ಸೀಳಾಗಿ ಕತ್ತರಿಸಿ, ಹೋಳುಗಳನ್ನು ಸರಿಸಿ ಸರಿಸಿ ನೋಡಿ, ನಾಲ್ಕು ಇಂಚು ಅಗಲ ಮಾಡಿದರು. ಅಷ್ಟರಲ್ಲಿ ಬಂಪರ್‌ಗಳು ತಯಾರಾಗಿಬಿಟ್ಟಿದ್ದವು. ಅವನ್ನೂ ನಡುವೆ ಕತ್ತರಿಸಿ ತುಂಡು ಸೇರಿಸಿದರು. ಮೊದಮೊದಲ ಮೈನರ್‌ಗಳ ಬಂಪರ್ ನಡುವಿನ ಆ ತೇಪೆ ಇಂದಿಗೂ ಕಾಣುತ್ತದೆ. ಗಾಲಿಗಳು ದೂರ ಸರಿದದ್ದರಿಂದ ತಿರುವಿನಲ್ಲಿ ಕಾರು ಇನ್ನಷ್ಟು ಗಟ್ಟಿಯಾಗಿ ನಿಂತಿತು. ಇದೇ ಇಸಿಗೋನಿಸ್ ಮುಂದೆ 1959ರಲ್ಲಿ ಮಿನಿ ಕಾರು ಕೊಟ್ಟರು.

ನಮ್ಮ ಅಂಬಾಸಿಡರ್ ಮೈನರ್‌ನ ಹತ್ತಿರದ ನೆಂಟ. ಹಿಂದೂಸ್ತಾನ್ ಮೋಟಾರ್ಸ್ ಮೈನರ್ ಕಾರನ್ನು ‘ಬೇಬಿ ಹಿಂದೂಸ್ತಾನ್’ ಎಂಬ ಹೆಸರಿನಲ್ಲಿ ಇಲ್ಲಿ ಮಾರಿತು. ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರು ಅಂಬಾಸಿಡರ್ ಆಯಿತು, 2014ರ ಮೇ ತಿಂಗಳವರೆಗೂ ತಯಾರಾಯಿತು. ಎರಡಕ್ಕೂ ಮುಂದೆ ಸುರುಳಿ ಸ್ಪ್ರಿಂಗ್ ಇಲ್ಲ, ಟಾರ್ಷನ್ ಬಾರ್ ಇದೆ. ಕಾರಿನ ಉದ್ದಕ್ಕೆ ಮಲಗಿಸಿದ ಉಕ್ಕಿನ ಸರಳು ಅದು. ಗಾಲಿ ಗುಂಡಿಗೆ ಬಿದ್ದೆದ್ದಾಗ, ಬಟ್ಟೆ ಹಿಂಡಿದ ಹಾಗೆ, ಸರಳು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ.

ಈ ಸರಳನ್ನು ಹತ್ತು ಶೇಕಡಾ ದಪ್ಪ ಮಾಡಿದರೆ ಅದರ ಬಿಗಿ ಎಷ್ಟು ಹೆಚ್ಚುತ್ತದೆ? ಹತ್ತಲ್ಲ, 46 ಶೇಕಡಾ! ಬಿಗಿ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಸುರುಳಿ ಸ್ಪ್ರಿಂಗಿನ ತಂತಿಗೂ ಇದೇ ನಿಯಮ. ‘ಸ್ವಲ್ಪ ದಪ್ಪದ್ದು ಹಾಕಿಬಿಡಿ’ ಎಂದು ಗ್ಯಾರೇಜಿನಲ್ಲಿ ಹೇಳುವ ಮುನ್ನ ಇದು ನೆನಪಿರಲಿ. ಸ್ಪ್ರಿಂಗನ್ನು ಕತ್ತರಿಸಿ ಕಾರು ತಗ್ಗಿಸುವವರಿಗೂ ಒಂದು ಮಾತು: ಸುತ್ತು ಕಡಿಮೆಯಾದಷ್ಟೂ ಉಳಿದ ಸ್ಪ್ರಿಂಗ್ ಬಿಗಿಯಾಗುತ್ತದೆ.

ಟಾರ್ಷನ್ ಬಾರ್ ಬಿಚ್ಚಿದರೆ ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ ಹೋಗಬೇಕು. ಒಂದೇ ದಿಕ್ಕಿಗೆ ತಿರುಚಿಕೊಳ್ಳಲು ಹದ ಮಾಡಿದ ಸರಳು ಅದು. ಅದಲುಬದಲಾದರೆ ಮುರಿಯುವ ಅಪಾಯವಿದೆ. ಬಿಚ್ಚುವ ಮೊದಲೇ ಬಣ್ಣದ ಗುರುತು ಹಾಕಿ.

ಮೈನರ್‌ನ ಮುಂದಿನ ಶಾಕ್ ಅಬ್ಸಾರ್ಬರ್ ತೆಗೆದರೆ ಗಾಲಿಯೇ ಕಳಚಿ ವಾಲುತ್ತದೆ! ಈಗಿನ ಕಾರುಗಳ ಕೊಳವೆಯಂಥ ಶಾಕ್ ಅಬ್ಸಾರ್ಬರ್ ಅದಲ್ಲ. ಎಣ್ಣೆ ತುಂಬಿದ ಎರಕದ ಡಬ್ಬಿ, ಅದರಿಂದ ಹೊರಟ ತೋಳು. ಆ ತೋಳೇ ಸಸ್ಪೆನ್ಷನ್ನಿನ ಮೇಲಿನ ಕೈ ಕೂಡ ಹೌದು. ಒಂದೇ ಭಾಗಕ್ಕೆ ಎರಡು ಕೆಲಸ. ಉಳಿತಾಯದ ಜಾಣ ವಿನ್ಯಾಸ. ಆದರೆ ಒಳಗಿನ ಸೀಲ್ ಸವೆದು ಎಣ್ಣೆ ಸೋರಿದರೆ ಕಾರು ತೊಟ್ಟಿಲ ಹಾಗೆ ತೂಗುತ್ತದೆ. ಕೊಳವೆ ಮಾದರಿಗೆ ಬದಲಾಯಿಸಲು ಕಿಟ್ ಸಿಗುತ್ತವೆ. ಹಳೆ ಡಬ್ಬಿಯನ್ನು ಬರೀ ತೋಳಾಗಿ ಉಳಿಸಿಕೊಂಡು ಪಕ್ಕದಲ್ಲಿ ಹೊಸದನ್ನು ಕೂರಿಸುವುದು ಒಂದು ಬಗೆ, ಮೇಲಿನ ಕೈಯನ್ನೇ ಹೊಸದಾಗಿ ಹಾಕುವುದು ಇನ್ನೊಂದು. ಡಬ್ಬಿಯನ್ನು ಸುಮ್ಮನೆ ಎಸೆಯುವ ದಾರಿ ಮಾತ್ರ ಇಲ್ಲ.

ಗ್ರೀಸ್ ಮರೆತರೆ ಗಾಲಿ ಮಲಗುತ್ತದೆ. ಮೈನರ್‌ನ ಮುಂದಿನ ಗಾಲಿ ತಿರುಗುವುದು ಬಾಲ್ ಜಾಯಿಂಟಿನ ಮೇಲಲ್ಲ, ಟ್ರನಿಯನ್ ಎಂಬ ದಪ್ಪ ನಟ್ಟಿನಂಥ ಭಾಗದೊಳಗೆ. ಅದರ ಮರೆಯಲ್ಲಿ, ಅಂದರೆ ಒಳಗಿನ ತಿರುಪುಗೆರೆಗಳಲ್ಲಿ, ಗಾಲಿ ಹೊತ್ತ ಕಿಂಗ್‌ಪಿನ್ನಿನ ತುದಿ ತಿರುಪಿನಂತೆ ಕೂತಿರುತ್ತದೆ. ಗ್ರೀಸ್ ಒಣಗಿದರೆ ಮರೆ ಸವೆಯುತ್ತದೆ. ಸವೆದು ಸವೆದು ಒಂದು ದಿನ ಪಿನ್ನು ಕಿತ್ತು ಬರುತ್ತದೆ, ಗಾಲಿ ಮಡಗಾರ್ಡಿನ ಕೆಳಗೆ ಮಡಿಚಿಕೊಳ್ಳುತ್ತದೆ. ಇದು ಹೆಚ್ಚಾಗಿ ಆಗುವುದು ಸ್ಟೇರಿಂಗನ್ನು ಪೂರ್ತಿ ತಿರುಗಿಸಿದಾಗ, ಅಂದರೆ ನಿಧಾನದ ವೇಗದಲ್ಲಿ. ಜೀವ ಉಳಿದಿರುವುದು ಅದರಿಂದಲೇ. ಆದರೆ ಹೆದ್ದಾರಿಯಲ್ಲಿ ಆಗುವುದೇ ಇಲ್ಲ ಎಂದು ನಂಬಿ ಕೂರುವಂತಿಲ್ಲ. ಮೈನರ್ ಬಲ್ಲವರು ಸಾವಿರ ಮೈಲಿಗೊಮ್ಮೆ ಗ್ರೀಸ್ ಗನ್ ಹಿಡಿಯುತ್ತಾರೆ. ಗಾಲಿಯನ್ನು ಜಾಕ್ ಮೇಲೆ ಎತ್ತಿ ಭಾರ ಇಳಿಸಿ ಹೊಡೆದರೆ ಗ್ರೀಸ್ ಮರೆಯೊಳಕ್ಕೆ ಇಳಿಯುತ್ತದೆ. ಹೊಸ ಡಿಸ್ಕ್, ಹೊಸ ಶಾಕ್ ಅಬ್ಸಾರ್ಬರ್ ಏನೇ ಹಾಕುವ ಮುನ್ನ ಈ ಟ್ರನಿಯನ್ ಅಲ್ಲಾಡುತ್ತದೆಯೇ ನೋಡಿ. ಅಲ್ಲಾಡಿದರೆ ಮೊದಲ ಖರ್ಚು ಅದೇ.

ಬ್ರೇಕ್ ಲೈನರ್ ಹುಟ್ಟಿದ್ದು ಹಳೆ ಬೂಟಿನಿಂದ! ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಳಲ್ಲಿ ಗಾಡಿ ಹೊಡೆಯುವವರು ಇಳಿಜಾರಿನಲ್ಲಿ ಬ್ರೇಕಿನ ದಿಮ್ಮಿಗೆ ಹಳೆ ಬೂಟು ಸಿಕ್ಕಿಸುತ್ತಿದ್ದುದನ್ನು ಹರ್ಬರ್ಟ್ ಫ್ರೂಡ್ ಕಂಡರು. ಅದಕ್ಕಿಂತ ಒಳ್ಳೆಯದನ್ನು ಮಾಡಲು ಹೊರಟು 1897ರಲ್ಲಿ ಕಂಪನಿ ಕಟ್ಟಿದರು. ತಮ್ಮ ಹೆಸರಿನ ಇಂಗ್ಲಿಷ್ ಅಕ್ಷರಗಳಿಗೆ ಹೆಂಡತಿ ಎಲಿಜಬೆತ್ ಅವರ ಮೊದಲ ಅಕ್ಷರ ಸೇರಿಸಿ, ಹಿಂದುಮುಂದು ಮಾಡಿದಾಗ ಬಂದ ಹೆಸರೇ ಫೆರೋಡೊ.

ಬಿಸಿಯಾದರೆ ಡ್ರಮ್ ದೂರ ಸರಿಯುತ್ತದೆ, ಡಿಸ್ಕ್ ಹತ್ತಿರ ಬರುತ್ತದೆ. ಡ್ರಮ್ ಕಾದಾಗ ಅದರ ಸುತ್ತಳತೆ ಹಿಗ್ಗಿ ಒಳಗಿನ ಶೂಗಳಿಂದ ದೂರವಾಗುತ್ತದೆ, ಪೆಡಲ್ ಕೆಳಕ್ಕೆ ಹೋಗುತ್ತದೆ. ಡಿಸ್ಕ್ ಕಾದಾಗ ದಪ್ಪವಾಗಿ ಪ್ಯಾಡಿನ ಕಡೆಗೇ ಬರುತ್ತದೆ. ಜತೆಗೆ ಗಾಳಿ ನೇರ ತಾಗಿ ಬೇಗ ಆರುತ್ತದೆ. ಆಗುಂಬೆಯ 14 ತಿರುವುಗಳನ್ನು ಹಳೆ ಡ್ರಮ್ ಬ್ರೇಕಿನ ಕಾರಿನಲ್ಲಿ ಇಳಿಯುವವರು ಚಿಕ್ಕ ಗೇರಿನಲ್ಲೇ ಇಳಿಯಬೇಕು ಎನ್ನುವುದು ಇದಕ್ಕೇ.

ಡಿಸ್ಕ್ ಬ್ರೇಕಿಗೆ ಪೇಟೆಂಟ್ ಸಿಕ್ಕಿದ್ದು 1902ರಲ್ಲಿ, ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಅವರಿಗೆ. ಜಗತ್ತು ಅದನ್ನು ಗಮನಿಸಿದ್ದು ಐವತ್ತು ವರ್ಷದ ನಂತರ. 1953ರ ಲಿ ಮಾನ್ 24 ಗಂಟೆಗಳ ಪಂದ್ಯದಲ್ಲಿ ಡನ್‌ಲಪ್ ಡಿಸ್ಕ್ ಹೊತ್ತ ಜಾಗ್ವಾರ್ ಸಿ-ಟೈಪ್ ಗೆದ್ದಿತು. ಆ ಪಂದ್ಯದಲ್ಲಿ ಸರಾಸರಿ ನೂರು ಮೈಲಿ ವೇಗ ದಾಟಿದ ಮೊದಲ ಗೆಲುವು ಅದು. ಎರಡು ವರ್ಷದಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಡಿಎಸ್ ಮುಂದಿನ ಗಾಲಿಗಳಿಗೆ ಡಿಸ್ಕ್ ಹಾಕಿಕೊಂಡು ಸಾವಿರಾರು ಮನೆಗಳಿಗೆ ಬಂತು.

ಮೈನರ್‌ಗೆ ಕಾರ್ಖಾನೆ ಡಿಸ್ಕ್ ಕೊಡಲೇ ಇಲ್ಲ. ಮೊದಲಿಗೆ 7 ಇಂಚಿನ ಡ್ರಮ್, 1962ರಲ್ಲಿ 1098 ಸಿಸಿ ಎಂಜಿನ್ ಬಂದಾಗ ಮುಂದೆ 8 ಇಂಚಿನದು. ಅಲ್ಲಿಗೆ ಮುಗಿಯಿತು. ಮಾಲೀಕರು ದಾಯಾದಿಗಳ ಕಡೆ ನೋಡಿದರು. ಮೈನರ್‌ನ ತಳಹದಿಯ ಮೇಲೇ ಕಟ್ಟಿದ ರೈಲಿ 1.5 ಕಾರಿನ ದೊಡ್ಡ ಡ್ರಮ್ ಕೆಲವರಿಗೆ ಒದಗಿತು. 1971ರಲ್ಲಿ ಬಂದ ಮಾರಿಸ್ ಮರೀನಾ ಹೊಸ ಹೆಸರಿನ ಕಾರಾದರೂ ಮುಂದಿನ ಸಸ್ಪೆನ್ಷನ್ ಮೈನರ್ ಮನೆತನದ್ದೇ. ಹಾಗಾಗಿ ಅದರ ಡಿಸ್ಕ್ ಇಪ್ಪತ್ಮೂರು ವರ್ಷ ಹಳೆಯ ವಿನ್ಯಾಸದ ಕಾರಿಗೂ ಹೊಂದಿಕೊಂಡಿತು. ಹೊಸ ಕಾರಿಗೆ ಹಳೆ ಸಸ್ಪೆನ್ಷನ್ ಕೊಟ್ಟದ್ದು ಮರೀನಾಗೆ ಬೈಗುಳ ತಂದಿತು, ಮೈನರ್‌ಗೆ ವರವಾಯಿತು.

ಅಮೆರಿಕದಲ್ಲೂ ಇಂಥದೇ ನಡೆದಿದೆ. 1974ರಿಂದ 1978ರವರೆಗೆ ಬಂದ ಫೋರ್ಡ್ ಮಸ್ಟಾಂಗ್ 2 ಕಾರನ್ನು ಮಸ್ಟಾಂಗ್ ಪ್ರೇಮಿಗಳು ಒಪ್ಪಲಿಲ್ಲ. ಆದರೆ ಅದರ ಮುಂದಿನ ಸಸ್ಪೆನ್ಷನ್ ಚಿಕ್ಕದು, ರ‍್ಯಾಕ್ ಸ್ಟೇರಿಂಗ್ ಸಮೇತ ಇಡಿಯಾಗಿ ಬಿಚ್ಚಿ ಬರುವಂಥದು. ಹಳೆ ಕಾರು ಕಟ್ಟುವವರು ಅದನ್ನು ಎಷ್ಟು ಬಳಸಿದರೆಂದರೆ, ಕಾರು ನಿಂತು ದಶಕಗಳಾದರೂ ಆ ಮಾದರಿಯ ಸಸ್ಪೆನ್ಷನ್ ಇಂದಿಗೂ ಹೊಸದಾಗಿ ತಯಾರಾಗುತ್ತಿದೆ.

ಡಿಸ್ಕ್ ಹಾಕಿದ ಮೇಲೆ ಪೆಡಲ್ ಇನ್ನೂ ಗಟ್ಟಿಯಾಯಿತಲ್ಲ ಎನ್ನುವವರಿದ್ದಾರೆ. ಕಾರಣ ಸರಳ. ಡ್ರಮ್ಮಿನೊಳಗೆ ಮುಂದಿನ ಶೂ ತಿರುಗುವ ಡ್ರಮ್ಮಿನ ಜತೆ ಎಳೆದುಕೊಂಡು, ಬಾಗಿಲ ಸಂದಿಗೆ ಸಿಕ್ಕ ಬೆಣೆಯ ಹಾಗೆ, ತಾನಾಗಿ ಬಿಗಿಯಾಗುತ್ತದೆ. ಡಿಸ್ಕಿಗೆ ಆ ಗುಣವಿಲ್ಲ. ಎಷ್ಟು ಒತ್ತಿದಿರೋ ಅಷ್ಟೇ ಹಿಡಿತ. ಅದಕ್ಕೇ ಕಾಲಿನ ಒತ್ತು ಹೆಚ್ಚಿಸುವ ಬೂಸ್ಟರ್ ಬೇಕಾಗುತ್ತದೆ. ಹಾಗೆಯೇ ಡ್ರಮ್ ಕಾಲದ ಮಾಸ್ಟರ್ ಸಿಲಿಂಡರ್‌ನಲ್ಲಿ ಕಾಲು ತೆಗೆದ ಮೇಲೂ ಕೊಳವೆಯಲ್ಲಿ ಚೂರು ಒತ್ತಡ ಹಿಡಿದಿಡುವ ವಾಲ್ವ್ ಇರುತ್ತದೆ. ಅದನ್ನು ಹಾಗೇ ಬಿಟ್ಟು ಡಿಸ್ಕ್ ಜೋಡಿಸಿದರೆ ಪ್ಯಾಡ್ ಸದಾ ಉಜ್ಜುತ್ತಾ ಕಾಯುತ್ತದೆ. ಬರೀ ಡಿಸ್ಕ್ ತಂದು ಬೋಲ್ಟ್ ಬಿಗಿದರೆ ಕೆಲಸ ಅರ್ಧ.

ಮೈನರ್‌ನ ಮಾಸ್ಟರ್ ಸಿಲಿಂಡರ್ ಎಲ್ಲಿದೆ ಹೇಳಿ! ಬಾನೆಟ್ ಕೆಳಗಲ್ಲ, ಡ್ರೈವರ್ ಕಾಲಡಿಯ ಚಾಸಿಸ್ ಒಳಗೆ. ಬ್ರೇಕ್ ಆಯಿಲ್ ನೋಡಲು ಕಾರ್ಪೆಟ್ ಎತ್ತಿ ಮುಚ್ಚಳ ತೆಗೆಯಬೇಕು. ಅದನ್ನು ಹೊರತೆಗೆಯಬೇಕಾದರೆ ಬೋಲ್ಟಿಗೆ ಟಾರ್ಷನ್ ಬಾರ್ ಅಡ್ಡ. ಬ್ರೇಕಿನ ಕೆಲಸಕ್ಕೂ ಸಸ್ಪೆನ್ಷನ್ ಸಡಿಲಿಸಬೇಕು. ಎರಡನ್ನೂ ಒಟ್ಟಿಗೇ ಮಾಡಿಸುವುದು ಜಾಣತನ.

ಹಳೆ ಕಾರುಗಳಲ್ಲಿ ನಾಲ್ಕೂ ಗಾಲಿಗೆ ಒಂದೇ ಸರ್ಕ್ಯೂಟ್. ಎಲ್ಲೋ ಒಂದು ಹೋಸ್ ಒಡೆದರೆ ನಾಲ್ಕೂ ಬ್ರೇಕ್ ಹೋಯಿತು. ಅಮೆರಿಕದಲ್ಲಿ 1968ರಿಂದ ಎರಡು ಸರ್ಕ್ಯೂಟ್ ಕಡ್ಡಾಯವಾಯಿತು. ಬ್ರೇಕಿಗೆ ಹೇಗೂ ಕೈ ಹಾಕಿದ್ದೀರಿ ಎಂದಾದರೆ ಇದನ್ನೂ ಮಾಡಿಸಿ. ನನ್ನ ಮಟ್ಟಿಗೆ ಡಿಸ್ಕಿಗಿಂತ ಇದೇ ದೊಡ್ಡ ರಕ್ಷಣೆ.

ಸಸ್ಪೆನ್ಷನ್ನಿಗೆ ರಬ್ಬರ್ ಬುಶ್ ಹಾಕಿದ ಮೇಲೆ ಬೋಲ್ಟಿನ ಕೊನೆಯ ಬಿಗಿ ಗಾಲಿ ನೆಲದಲ್ಲಿದ್ದಾಗಲೇ. ಜಾಕ್ ಮೇಲೆ ಬಿಗಿದರೆ ಕಾರು ಇಳಿದಾಗ ಬುಶ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಹಳೆ ಶೂಗಳಲ್ಲಿ ಕಲ್ನಾರು ಇರಬಹುದು. ಡ್ರಮ್ ಬಿಚ್ಚಿ ಏರ್ ಹೊಡೆದು ಧೂಳು ಹಾರಿಸುವುದನ್ನು ದಯವಿಟ್ಟು ನಿಲ್ಲಿಸಿ. ಆ ಧೂಳು ಮೆಕ್ಯಾನಿಕ್ ಹುಡುಗನ ಶ್ವಾಸಕೋಶ ಸೇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾಸ್ಕ್ ಹಾಕಿಸಿ.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ. 2021ರ ನಿಯಮದಂತೆ 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ನೋಂದಣಿ ಉಂಟು; ಕರ್ನಾಟಕದಲ್ಲಿ ‘ಕೆಎ ವಿಎ’ ಎಂದು ಶುರುವಾಗುವ ಸಂಖ್ಯೆ. ಆದರೆ ಚಾಸಿಸ್, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಆದ್ದರಿಂದ ಬೋಲ್ಟ್ ಬಿಗಿದು ಕೂರಿಸುವ, ಬೇಕಾದರೆ ಬಿಚ್ಚಿ ಹಳೆಯದನ್ನೇ ಹಾಕಬಹುದಾದ ಭಾಗಗಳನ್ನು ಆರಿಸಿ. ಚಾಸಿಸ್‌ಗೆ ವೆಲ್ಡಿಂಗ್ ಬೇಡ. ತೆಗೆದ ಡ್ರಮ್, ಶೂ, ಶಾಕ್ ಅಬ್ಸಾರ್ಬರ್ ಡಬ್ಬಿಗಳನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಎತ್ತಿಡಿ. ಕೆಲಸಕ್ಕೆ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ.

ಎಲ್ಲ ಮುಗಿಸಿ ಬ್ರೇಕ್ ಕೊಳವೆಗಳ ಏರ್ ತೆಗೆದ ಮೇಲೆ, ಕಾರು ಅಲುಗಾಡಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಪೆಡಲ್ ಒತ್ತಿ ಒಂದು ನಿಮಿಷ ಹಾಗೇ ಹಿಡಿಯಿರಿ. ಕಾಲಡಿ ಅದು ಮೆಲ್ಲಗೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ಹೋಗಿದೆ. ಅಂಥ ಕಾರನ್ನು ಗೇಟಿನಿಂದಾಚೆ ತೆಗೆಯಬೇಡಿ.